ಸುತ್ತದ ಚಾಪೆ

ಜುಲ್ಮಿರಾಳ ದವಡೆ ಮುರಿದವನ ಕಡೆಯವರು ತಪ್ಪುಕಾಣಿಕೆ ಎಂದು ತಂದ ಹಂದಿಯನ್ನು ಜುಲ್ಮಿರಾಳೇ ಬೇಯಿಸಬೇಕಾಯಿತು. ಅದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ರಾಜಿಯ ಚಾಪೆ ಹಾಸುವ ದಿನ ಗಂಡಸರು ಕುಲದ ಹಿರಿಯರ ಮನೆಯ ಜಗಲಿಯಲ್ಲಿ ಕೂತು ಮಾತಾಡುತ್ತಾರೆ, ಹೆಂಗಸರು ಹಿತ್ತಲಲ್ಲಿ ಒಲೆ ಉರಿಸುತ್ತಾರೆ. ಪೆಟ್ಟು ತಿಂದವಳೂ ಹೆಂಗಸೇ. ಅವಳಿಗೆ ಬೇರೆ ಜಾಗ ಎಲ್ಲಿದೆ?

ಬೆಳಗಿನಿಂದ ಅವಳು ಕಣಿವೆಯ ಒರತೆಯಿಂದ ನೀರು ಹೊತ್ತಳು. ಸೌದೆ ಸೀಳಿದಳು. ಹಂದಿಯ ಕರುಳು ತೊಳೆದಳು. ಗಲ್ಲದ ಕೆಳಗಿಂದ ನೆತ್ತಿಯವರೆಗೆ ಬಿಗಿದು ಕಟ್ಟಿದ್ದ ಬಟ್ಟೆ ಬೆವರಿಗೆ ನೆನೆದು ಇನ್ನಷ್ಟು ಬಿಗಿಯಾಗಿತ್ತು. ಒಲೆ ಊದೋಣವೆಂದರೆ ತುಟಿ ಸೇರುತ್ತಿರಲಿಲ್ಲ. ರಟ್ಟಿನ ತುಂಡೊಂದರಿಂದ ಬೀಸಿ ಬೀಸಿ ಬೆಂಕಿ ಎಬ್ಬಿಸಿದಳು. ಹೊಗೆಗೆ ಕೆಮ್ಮು ಬಂತು. ಕೆಮ್ಮಿದರೆ ಕಣ್ಣು ಕತ್ತಲೆ ಬರುವಷ್ಟು ನೋವು. ಕೆಮ್ಮನ್ನೂ ನುಂಗಿಕೊಂಡು ಕೆಲಸ ಮುಂದುವರಿಸಿದಳು.

ಕಾಫಿ ಬೆಳೆಯುವ ಎರ್ಮೆರಾ ಸೀಮೆಯ ಆ ಗುಡ್ಡದ ಮೇಲೆ ಗಡಿ ಜಗಳವಿರಲಿ, ದನದ ಕಳ್ಳತನವಿರಲಿ, ಗಂಡ ಹೆಂಡತಿಯ ಹೊಡೆದಾಟವಿರಲಿ, ಎಲ್ಲಕ್ಕೂ ಚಾಪೆಯೇ ಮದ್ದು. ಹೊಡೆದಾಟ ಎನ್ನುತ್ತಾರೆ, ಇಬ್ಬರೂ ಹೊಡೆದುಕೊಂಡಂತೆ. ಎರಡೂ ಕಡೆಯವರು ಚಾಪೆಯ ಮೇಲೆ ಎದುರುಬದುರು ಕೂರಬೇಕು. ಮಾತು ಮುಗಿಯುವವರೆಗೆ ಅದನ್ನು ಸುತ್ತುವಂತಿಲ್ಲ. ಮುಗಿಯಿತು ಎನ್ನುವುದಕ್ಕೆ ಗುರುತೆಂದರೆ ಎಲ್ಲರೂ ಒಂದೇ ಬುಟ್ಟಿಯಿಂದ ಎಲೆಅಡಿಕೆ ಹಾಕಿಕೊಳ್ಳುವುದು. ಆಮೇಲೆಯೇ ಪ್ರಾಣಿ ಕಡಿಯುವುದು, ಊಟ. ಹೆಂಗಸರು ಹೆಣೆದ ಚಾಪೆ ಅದು. ಕೂರುವವರು ಗಂಡಸರು.

ಜುಲ್ಮಿರಾಳ ಸಲುವಾಗಿ ಇದಕ್ಕೆ ಮೊದಲೂ ಚಾಪೆ ಹಾಸಿದ್ದರು. ಕಣ್ಣು ಊದಿದಾಗ ಒಂದು ಹುಂಜ ಬಂದಿತ್ತು. ಕೈ ಮುರಿದಾಗ ಒಂದು ಆಡು. ಪ್ರತಿಸಲವೂ ಅವಳ ಅಣ್ಣ ಮತೆವುಸ್ ಕಾಣಿಕೆ ತೆಗೆದುಕೊಂಡು ಬದಲಿಗೆ ಕೈಮಗ್ಗದಲ್ಲಿ ನೇಯ್ದ ಒಂದು ತಾಯ್ಸ್ ಬಟ್ಟೆ ಕೊಟ್ಟಿದ್ದ. ಪ್ರತಿಸಲವೂ ಚಾಪೆ ಸುತ್ತಿದ ಸಂಜೆಯೇ ಅವಳು ಗಂಡ ನೊರ್ಬೆರ್ತೊನ ಹಿಂದೆ ನಡೆದು ಅವನ ಮನೆ ಸೇರಿದ್ದಳು. ಈಗ ದವಡೆಗೆ ಹಂದಿ. ಪ್ರಾಣಿ ದೊಡ್ಡದಾಗುತ್ತ ಬಂದಿತ್ತು, ಏಟೂ ದೊಡ್ಡದಾಗುತ್ತ ಬಂದಿತ್ತು.

ಅಂದು ನೊರ್ಬೆರ್ತೊ ಕುಡಿದಿರಲಿಲ್ಲ. ಅದನ್ನು ಹೇಳಲೇಬೇಕು. ಇಂಥದ್ದೇನಾದರೂ ಆದಾಗ ಊರೆಲ್ಲ ತಾಳೆ ಹೆಂಡದ ಮೇಲೆ ತಪ್ಪು ಹಾಕಿ ಕೈ ತೊಳೆದುಕೊಳ್ಳುತ್ತದೆ. ಅವನು ದಿನವಿಡೀ ಬೇರೆಯವರ ಕಾಫಿ ಮೂಟೆ ಹೊತ್ತು ಸುಸ್ತಾಗಿ ಬಂದಿದ್ದ. ಅವಳು ದಿನವಿಡೀ ಬೇರೆಯವರ ಕಾಫಿ ಹಣ್ಣು ಕಿತ್ತು ಸುಸ್ತಾಗಿ ಬಂದು ಜೋಳ ಕುಟ್ಟುತ್ತಿದ್ದಳು. ಊಟ ಇನ್ನೂ ಆಗಿಲ್ಲವಾ ಎಂದ. ಕಾಣಿಸ್ತಾ ಇಲ್ಲವಾ ಎಂದಳು. ಅಷ್ಟೇ. ಅವಳ ಕೈಯಲ್ಲಿದ್ದ ಒನಕೆಯನ್ನೇ ಕಿತ್ತುಕೊಂಡು ಅದರ ತುದಿಯಿಂದ ಒಮ್ಮೆ ತಿವಿದ. ಎರಡು ಹಲ್ಲು ಒರಳಿನೊಳಗೆ, ಜೋಳದ ಮೇಲೆ ಬಿದ್ದವು. ಅವುಗಳನ್ನು ಆರಿಸಿ ತೆಗೆದು, ಆ ಜೋಳವನ್ನೇ ಬೇಯಿಸಿಟ್ಟು, ಆಮೇಲೆ ಮಕ್ಕಳನ್ನು ಕರೆದುಕೊಂಡು ಪಕ್ಕದೂರಿನ ಅಣ್ಣನ ಮನೆಗೆ ಹೋದಳು. ಯಾಕೆ ಬೇಯಿಸಿದೆ ಎಂದು ಈಗ ಕೇಳಿದರೆ ಅವಳಿಗೂ ಗೊತ್ತಿಲ್ಲ.

ಇದೆಲ್ಲ ಆಗುವುದಕ್ಕೆ ಮೊದಲು, ಕಾಫಿ ಒಣಗಿಸುವ ಕಣದಲ್ಲಿ ಒಂದು ಸಭೆ ನಡೆದಿತ್ತು. ರಾಜಧಾನಿ ದಿಲಿಯಿಂದ ಅಲ್ದಿನಾ ಎಂಬ ಹೆಂಗಸು ಬಂದಿದ್ದಳು. ಹೆಂಗಸರ ಸಂಘದವಳು. ಮೃದುವಾದ ಮಾತು, ಧೂಳು ಹಿಡಿದ ಬೂಟು. ಚಾಪೆ ಒಳ್ಳೆಯದು, ಹಾಸುವ ರೀತಿ ಬದಲಾಗಬೇಕು ಎಂದಿದ್ದಳು. ನೊಂದವಳು ಮೊದಲು ಮಾತಾಡಬೇಕು. ನೋಯಿಸಿದವನು ತಾನು ಮಾಡಿದ್ದನ್ನು ತನ್ನ ಬಾಯಿಂದಲೇ ಹೇಳಬೇಕು, ಚಿಕ್ಕಪ್ಪನ ಬಾಯಿಂದ ಹೇಳಿಸಬಾರದು. ಯಾರನ್ನೂ ಬಲವಂತವಾಗಿ ಮನೆಗೆ ಕಳಿಸಬಾರದು. ಚಾಪೆಯ ಮೇಲೆ ನ್ಯಾಯ ಹೇಳುವ ಊರಿನ ಮಾತಿನ ಯಜಮಾನ ಲೆಕಿಬೆರೆ ಅಜ್ಜ ಎಲ್ಲದಕ್ಕೂ ತಲೆಯಾಡಿಸಿ, ಹಿರಿಯರ ಮನೆಯ ಕಂಬ ಮುಟ್ಟಿ ಆಣೆಯಿಟ್ಟು ಒಪ್ಪಿಕೊಂಡಿದ್ದ. ಹಿಂದೆ ಕಾಫಿ ಹರವುತ್ತ ನಿಂತಿದ್ದ ಜುಲ್ಮಿರಾ ಆ ಮಾತನ್ನು ಕೇಳಿಸಿಕೊಂಡಿದ್ದಳು. ಅವಳು ಅದನ್ನು ನಂಬಿದಳು. ಊರಲ್ಲಿ ಅದನ್ನು ನಂಬಿದವಳು ಬಹುಶಃ ಅವಳೊಬ್ಬಳೇ.

ಹಾಗಾಗಿ ಬೆಳಗ್ಗೆ ನೊರ್ಬೆರ್ತೊನ ಚಿಕ್ಕಪ್ಪ ಹಂದಿಯನ್ನು ಹೊತ್ತು ತಂದು, ಮಾತು ಶುರುವಾಗುವ ಮೊದಲೇ ಅಂಗಳದಲ್ಲಿ ಕಡಿದು ಹಾಕಿದಾಗ ಎಲ್ಲ ಆಗಲೇ ತೀರ್ಮಾನವಾಗಿದೆಯೇ ಎಂದು ಅವಳು ಬೆದರಿದಳು.

ಲೆಕಿಬೆರೆ ಅಜ್ಜ ಜಗಲಿಯಿಂದ ಗದರಿದ. "ಏನಯ್ಯಾ ಇದು, ಇನ್ನೂ ಚಾಪೆ ಹಾಸಿಲ್ಲ, ಎಲೆ ಹಾಕಿಲ್ಲ. ಆಗಲೇ ಕಡಿದ್ಯಾ?"

"ಹೋಗ್ಲಿ ಬಿಡಜ್ಜ. ಹೇಗೂ ಮುಗಿಯೋ ಮಾತೇ ತಾನೇ," ಎಂದ ಚಿಕ್ಕಪ್ಪ ಕತ್ತಿ ಒರೆಸಿಕೊಳ್ಳುತ್ತ. "ದೊಡ್ಡ ಹಂದಿ, ಬೇಯೋಕೆ ಹೊತ್ತು ಬೇಕು. ಇವತ್ತು ಮತ್ತೆ ಬಂದಿರೋ ಅಲ್ದಿನಕ್ಕನೂ ಕತ್ತಲಾಗೋದ್ರೊಳಗೆ ಹೊಳೆ ದಾಟ್ಬೇಕಂತೆ. ಹಸಿದ ಹೊಟ್ಟೇಲಿ ಕಳಿಸೋಕಾಗುತ್ತಾ?"

"ಮಾತು ಮುಗೀದೆ ಇದ್ರೆ ಈ ಮಾಂಸ ಯಾರೂ ಮುಟ್ಟೋ ಹಾಗಿಲ್ಲ, ಗೊತ್ತು ತಾನೇ? ಮುಟ್ಟಿದವನ ಮನೇಲಿ ಹೆಣ ಬೀಳುತ್ತೆ."

"ಗೊತ್ತಪ್ಪ ಗೊತ್ತು. ಮುಗೀದೆ ಎಲ್ಲಿಗೆ ಹೋಗುತ್ತೆ?"

ಅಜ್ಜ ಗೊಣಗಿದ. ಜುಲ್ಮಿರಾ ಕರುಳು ತೊಳೆಯಲು ಕೂತಳು.

ಜಗಲಿಯಲ್ಲಿ ಚಾಪೆ ಬಿತ್ತು. ಹಿತ್ತಲಿನ ಬಾಗಿಲಿನಿಂದ ಅವಳಿಗೆ ಎಲ್ಲ ಕಾಣುತ್ತಿತ್ತು. ಒಂದು ಕಡೆ ನೊರ್ಬೆರ್ತೊ ತಲೆ ತಗ್ಗಿಸಿ ಕೂತಿದ್ದ, ಅವನ ಮುಂದೆ ಚಿಕ್ಕಪ್ಪ. ಇನ್ನೊಂದು ಕಡೆ ಅಣ್ಣ ಮತೆವುಸ್, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ನಡುವೆ ಅಜ್ಜ. ಅಲ್ದಿನಾಳಿಗೆ ಗೌರವದಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟು ಪಕ್ಕದಲ್ಲಿ ಕೂರಿಸಿದ್ದರು.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡ. "ನಮ್ಮ ಹುಡುಗ ಒಳ್ಳೆಯವನು. ದುಡೀತಾನೆ. ಅವತ್ತು ಏನೋ ಕೈ ತಪ್ತು. ತಪ್ಪಾಯ್ತು ಅಂತ ಹಂದಿ ತಂದಿದ್ದೀವಿ. ಹೊಟ್ಟೆಗೆ ಹಾಕ್ಕೊಂಡು ನಿಮ್ಮ ಹುಡುಗೀನ ಕಳಿಸಿಕೊಡಿ."

ಮತೆವುಸ್ ಹೇಳಿದ, "ನಮ್ಮವಳದ್ದೂ ಬಾಯಿ ಸ್ವಲ್ಪ ಜಾಸ್ತೀನೇ. ಇಲ್ಲ ಅನ್ನಲ್ಲ. ನಿಮ್ಮಿಂದ ತೆರ ಅಂತ ಎಮ್ಮೆ ತಗೊಂಡು ಕೊಟ್ಟ ಹೆಣ್ಣು, ನಮ್ಮ ಮನೇಲಿ ಎಷ್ಟು ದಿನ ಅಂತ ಇರ್ತಾಳೆ? ಕಳಿಸ್ತೀವಿ."

ಮುಗಿಯಿತು. ಒಲೆಯ ಮೇಲಿನ ಹಂಡೆ ಕುದಿ ಬರುವಷ್ಟು ಹೊತ್ತೂ ಹಿಡಿಯಲಿಲ್ಲ.

ಅಲ್ದಿನಾ ಕೈಯೆತ್ತಿದಳು. "ಅಜ್ಜ, ಮೊದಲು ಜುಲ್ಮಿರಾ ಮಾತಾಡ್ಬೇಕು ಅಂತ ಒಪ್ಪಿಕೊಂಡಿದ್ರಿ."

"ಕುರ್ಚಿ ಮೇಲಿಂದ ಮಾತಾಡೋ ಹಾಗಿಲ್ಲಕ್ಕ," ಚಿಕ್ಕಪ್ಪ ನಕ್ಕ. "ಚಾಪೆ ಮೇಲೆ ಕೂತವರ ಮಾತು ಮಾತ್ರ ಲೆಕ್ಕಕ್ಕೆ ಬರುತ್ತೆ. ನೀವು ಅತಿಥಿ, ಆರಾಮಾಗಿ ಕೂತ್ಕೊಳ್ಳಿ. ಅವಳಿಗೆ ದವಡೆ ನೋವು. ಮಾತಾಡಿಸಿ ಯಾಕೆ ಹಿಂಸೆ ಕೊಡ್ತೀರ?"

ಗಂಡಸರು ನಕ್ಕರು. ಅಲ್ದಿನಾಳ ಮುಖ ಕೆಂಪಾಯಿತು. ಅವಳು ಕುರ್ಚಿಯಿಂದ ಏಳಲೂ ಇಲ್ಲ, ಮಾತು ಮುಂದುವರಿಸಲೂ ಇಲ್ಲ. ಒಮ್ಮೆ ಗಡಿಯಾರ ನೋಡಿಕೊಂಡಳು. ಅವಳಿಗೂ ಸಾಕಾಗಿತ್ತು. ಇಂಥ ಎಷ್ಟು ಜಗಲಿಗಳಲ್ಲಿ ಇಂಥ ಎಷ್ಟು ಕುರ್ಚಿಗಳ ಮೇಲೆ ಕೂತಿದ್ದಳೋ.

"ಜುಲ್ಮಿರಾ, ಬಾಮ್ಮ. ಎಲೆ ಹಾಕ್ಕೋ," ಅಜ್ಜ ಕರೆದ.

ಎಲೆಅಡಿಕೆಯ ಬುಟ್ಟಿ ಅಷ್ಟರಲ್ಲಿ ಒಂದು ಸುತ್ತು ಬಂದಿತ್ತು. ಚಿಕ್ಕಪ್ಪ ಜಗಿಯುತ್ತಿದ್ದ. ಮತೆವುಸ್ ಜಗಿಯುತ್ತಿದ್ದ. ನೊರ್ಬೆರ್ತೊನ ತುಟಿ ಕೆಂಪಾಗಿತ್ತು. ಅವಳು ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತಳು. ಮಸಿ ಹಿಡಿದ ಕೈ, ಕಾಲ ಮೇಲೆ ಹಂದಿಯ ನೆತ್ತರು.

"ಅವಳಿಗೆ ಜಗಿಯೋಕೆ ಆಗಲ್ಲ," ಅಂದ ಮತೆವುಸ್. "ದವಡೆ ಕಟ್ಟಿದೆಯಲ್ಲ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ದೂರ ಯಾರೂ ಯೋಚಿಸಿರಲಿಲ್ಲ. ಹಂದಿ ಎಷ್ಟು ದೊಡ್ಡದಿರಬೇಕು, ಹೆಂಡ ಎಷ್ಟು ಕೊಡ ಬೇಕು, ಎಲ್ಲ ಯೋಚಿಸಿದ್ದರು.

"ಕುಟ್ಟಿ ಕೊಟ್ರಾಯ್ತು. ನಾಲಿಗೆ ಮೇಲಿಟ್ಕೊಂಡ್ರೆ ಸಾಕು," ಎಂದ ಚಿಕ್ಕಪ್ಪ. "ಅಜ್ಜಿ, ನಿಮ್ಮ ಕುಟ್ಟಾಣಿ ತರ್ರೀ."

ಅಜ್ಜನ ಹೆಂಡತಿ ಬುಯ್‌ಮಾಲಿ ಅಜ್ಜಿ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಚೀಲದಿಂದ ಕುಟ್ಟಾಣಿ ತೆಗೆದಳು. ಬಾಗಿಲ ಪಕ್ಕದಲ್ಲೇ ಕೂತು ಎಲೆ, ಅಡಿಕೆ, ಸುಣ್ಣ ಹಾಕಿ ಕುಟ್ಟತೊಡಗಿದಳು. ಟಕ್, ಟಕ್, ಟಕ್.

ಆ ಸದ್ದು ಜುಲ್ಮಿರಾಳ ಹಲ್ಲಿಲ್ಲದ ಜಾಗಕ್ಕೆ ಬಂದು ಬಡಿಯಿತು. ಒನಕೆಯಿಂದ ಮುರಿದ ಬಾಯಿಗೆ ಪುಟ್ಟ ಒನಕೆಯಿಂದ ಕುಟ್ಟಿದ ಎಲೆ. ಇದನ್ನು ನಾಲಿಗೆಯ ಮೇಲಿಟ್ಟರೆ ಚಾಪೆ ಸುತ್ತುತ್ತಾರೆ. ಚಾಪೆ ಸುತ್ತಿದರೆ ಇಂದು ಸಂಜೆಯೇ ಅವನ ಹಿಂದೆ ನಡೆಯಬೇಕು. ಮುಂದಿನ ಸಲ ಎಮ್ಮೆ ತರಬೇಕಾಗುತ್ತದೆ, ಆಗ ಅದನ್ನು ಬೇಯಿಸಲು ಅವಳು ಇರುವುದಿಲ್ಲ.

ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಶಕ್ತಿ ಬೇಕು. ಸಾಕು ಅನ್ನಿಸಿತು, ಅಷ್ಟೇ. ಮೈಯ ಒಂದೊಂದು ಮೂಳೆಗೂ ಸಾಕು ಅನ್ನಿಸಿತು. ಅವಳು ಹೊಸಿಲು ದಾಟಿ, ನೆತ್ತರಿನ ಕಾಲನ್ನೇ ಚಾಪೆಯ ಮೇಲಿಟ್ಟು, ನಡುವೆ ಕೂತಳು.

"ಅಲ್ಲಲ್ಲ, ಅಂಚಲ್ಲಿ ಕೂತ್ಕೋ. ಎಲೆ ತಗೊಂಡು ಹೋಗು," ಎಂದ ಮತೆವುಸ್.

"ಒಲ್ಲೆ," ಎಂದಳು.

ಕಟ್ಟಿದ ದವಡೆಯಿಂದ ಬಂದ ಮಾತು, ಹಲ್ಲಿನ ಸಂದಿಯಿಂದ ಗಾಳಿ ಸೋರಿದಷ್ಟು ಸಣ್ಣಗಿತ್ತು. ಅದನ್ನು ಕೇಳಬೇಕೆಂದರೆ ಎಲ್ಲರೂ ಸುಮ್ಮನಿರಬೇಕಿತ್ತು. ಸುಮ್ಮನಾದರು.

"ಏನಂದೆ?"

"ಎಲೆ ಒಲ್ಲೆ. ನಾನಿನ್ನೂ ಮಾತಾಡಿಲ್ಲ."

"ನಿನ್ನ ಪರವಾಗಿ ನಾನು ಆಡಿದ್ನಲ್ಲ?" ಮತೆವುಸ್ ಅತ್ತಿತ್ತ ನೋಡಿದ.

"ನೀನು ನನ್ನ ಬಾಯಿ ಜಾಸ್ತಿ ಅಂದೆ. ಅಣ್ಣ, ಪೆಟ್ಟು ನಾನು ತಿಂದೆ. ಹುಂಜ ನೀನು ತಿಂದೆ, ಆಡೂ ನೀನು ತಿಂದೆ."

ಮತೆವುಸ್ ಬಾಯಿ ತೆರೆದ. ಒಳಗೆ ಕೆಂಪು ಎಲೆ ಕಾಣಿಸಿತು.

ಅವಳು ನೊರ್ಬೆರ್ತೊನ ಕಡೆ ತಿರುಗಿದಳು. ಒಂದೊಂದು ಮಾತಿಗೂ ಕಿವಿಯವರೆಗೆ ನೋವು ಹರಿಯುತ್ತಿತ್ತು. ಹಾಗಾಗಿ ಮಾತು ಕಡಿಮೆಯಿತ್ತು. "ಚಿಕ್ಕಪ್ಪ ಕೈ ತಪ್ತು ಅಂದ್ರು. ನೀನು ಹೇಳು. ಏನು ಮಾಡ್ದೆ?"

"ಹೇಳಿದ್ರಲ್ಲ ಅವರು," ಎಂದ ನೊರ್ಬೆರ್ತೊ, ಚಾಪೆ ನೋಡುತ್ತ.

"ನೀನು ಹೇಳು."

"ಹೊಡೆದೆ."

"ಯಾವುದ್ರಲ್ಲಿ?"

ನೊರ್ಬೆರ್ತೊನ ಕುತ್ತಿಗೆಯಲ್ಲಿ ಮೂಟೆ ಹೊತ್ತು ಹೊತ್ತು ಗಟ್ಟಿಯಾದ ಚರ್ಮ ಒಮ್ಮೆ ಅಲುಗಿತು. ಜಗಲಿಯ ಕೆಳಗೆ ನಾಯಿಗಳು ಮಾಂಸದ ವಾಸನೆಗೆ ಕುಂಯ್‌ಗುಡುತ್ತಿದ್ದವು. ಮೇಲೆ ಕೂತವರ ಹೊಟ್ಟೆಯೂ ಹಾಗೇ ಅನ್ನುತ್ತಿತ್ತು. ಅವರಲ್ಲಿ ಯಾರೂ ಬೆಳಗಿನಿಂದ ಏನೂ ತಿಂದಿರಲಿಲ್ಲ, ಹಂದಿ ಇದೆಯಲ್ಲ ಎಂದು.

"ಸಾಕು ಬಿಡಮ್ಮ," ಚಿಕ್ಕಪ್ಪ ದನಿ ಏರಿಸಿದ. "ನಾಲ್ಕು ಜನದ ಎದುರು ಗಂಡನ ಮಾನ ಕಳೀತೀಯಾ? ಎಲೆ ಹಾಕ್ಕೋ. ಜನ ಹಸಿದಿದ್ದಾರೆ."

"ನಾನೂ ಹಸಿದಿದೀನಿ ಚಿಕ್ಕಪ್ಪ. ಅವತ್ತಿಂದ ಬರೀ ಗಂಜಿ ನೀರು."

"ಯಾವುದ್ರಲ್ಲಿ ಹೊಡೆದೆ ಅಂತ ಹೇಳಪ್ಪ," ಎಂದ ಅಜ್ಜ ನೊರ್ಬೆರ್ತೊನಿಗೆ. ಬೇಗ ಮುಗಿಯಲಿ ಎನ್ನುವ ದನಿಯಲ್ಲಿ ಹೇಳಿದ. "ಹೇಳಿಬಿಡು, ಅವಳು ಎಲೆ ಹಾಕ್ಕೋತಾಳೆ. ಬುಯ್‌ಮಾಲಿ, ಕುಟ್ಟಿದ್ದಾಯ್ತಾ?"

ಟಕ್, ಟಕ್ ಸದ್ದು ನಿಂತಿತ್ತು. ಅಜ್ಜಿ ಕುಟ್ಟಾಣಿಯನ್ನು ಮಡಿಲಲ್ಲಿಟ್ಟುಕೊಂಡು ಜುಲ್ಮಿರಾಳ ಗಲ್ಲದ ಬಟ್ಟೆಯನ್ನೇ ನೋಡುತ್ತಿದ್ದಳು.

ಜುಲ್ಮಿರಾಳ ಕಣ್ಣು ಆ ಕುಟ್ಟಾಣಿಯ ಮೇಲೆ ನಿಂತಿತು. ಹಿಡಿ ಸವೆದು ನುಣುಪಾಗಿತ್ತು. ಅವಳು ಈ ಊರಿಗೆ ಮದುವೆಯಾಗಿ ಬಂದಾಗಲೂ ಅಜ್ಜಿಯ ಕೈಯಲ್ಲಿ ಇದೇ ಕುಟ್ಟಾಣಿ ಇತ್ತು. ಅವಳ ಅತ್ತೆ ಮದುವೆಯಾಗಿ ಬಂದಾಗಲೂ ಇತ್ತಂತೆ. ಆಗ ಅಜ್ಜಿಗೆ ಎಷ್ಟು ವಯಸ್ಸು? ಇದುವರೆಗೆ ಯಾಕೆ ಯಾರೂ ಕೇಳಲಿಲ್ಲ?

"ಅಜ್ಜಿ," ಎಂದಳು. "ನಿಮ್ಮ ಹಲ್ಲು ಯಾವಾಗ ಹೋದ್ವು?"

ಅಜ್ಜಿ ಕುಟ್ಟಾಣಿಯನ್ನು ಒಮ್ಮೆ ತಿರುಗಿಸಿದಳು.

"ನಿನ್ನ ವಯಸ್ಸಲ್ಲಿ," ಎಂದಳು. "ಆಗ ಒಂದು ಹುಂಜ ಕೊಟ್ಟಿದ್ರು."

ಯಾರೂ ಅಜ್ಜನ ಕಡೆ ನೋಡಲಿಲ್ಲ. ಅಜ್ಜ ತನ್ನ ಮೊಣಕಾಲು ನೋಡಿಕೊಂಡ. ಊರಿನ ಅರ್ಧ ಸಂಸಾರಗಳನ್ನು ಈ ಚಾಪೆಯ ಮೇಲೆ ಕೂರಿಸಿ ಬುದ್ಧಿ ಹೇಳಿದ ಬಾಯಿ ಅದು. ಆ ಬಾಯಿ ಎಲೆ ಜಗಿಯುವುದನ್ನು ಹಾಗೇ ನಿಲ್ಲಿಸಿತು. ಅವನು ನಿಧಾನವಾಗಿ ಎಲೆಯನ್ನು ಅಂಗೈಗೆ ಉಗಿದು, ಏನು ಮಾಡುವುದೆಂದು ತಿಳಿಯದೆ ಹಾಗೇ ಹಿಡಿದುಕೊಂಡ.

"ಅದು ಹಳೇ ಕತೆ," ಎಂದ ಚಿಕ್ಕಪ್ಪ.

"ಹಳೇದೇ," ಎಂದಳು ಅಜ್ಜಿ. ಕುಟ್ಟಾಣಿಯಲ್ಲಿದ್ದುದನ್ನು ಜಗಲಿಯ ಕೆಳಗೆ ಸುರಿದು, ಬುಟ್ಟಿಯಿಂದ ಒಂದು ಹಸಿ ಎಲೆ, ಒಂದು ಅಡಿಕೆ ಆರಿಸಿ ಜುಲ್ಮಿರಾಳ ಕೈಗಿಟ್ಟಳು. "ಇಟ್ಕೋ. ನಿನಗೆ ಬೇಕು ಅನ್ನಿಸ್ದಾಗ ಹಾಕ್ಕೋ. ಬೇಡ ಅಂದ್ರೆ ಬೇಡ."

ನೊರ್ಬೆರ್ತೊ ಎದ್ದ. "ನನ್ನ ಕೈಲಾಗಲ್ಲ," ಎಂದ. ಯಾರಿಗೆ ಹೇಳಿದನೋ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬೆದರಿದ್ದ. ಒನಕೆ ಎನ್ನುವ ಒಂದು ಸಣ್ಣ ಮಾತು ಅವನ ಬಾಯಿಂದ ಹೊರಡಲಿಲ್ಲ. ಮೆಟ್ಟಿಲಿಳಿದು ಕಾಫಿ ಗಿಡಗಳ ನಡುವಿನ ದಾರಿ ಹಿಡಿದ. ಜುಲ್ಮಿರಾ ಅವನ ಬೆನ್ನು ನೋಡಿದಳು. ಆ ಬೆನ್ನಿನ ಹಿಂದೆ ಅವಳು ಎಷ್ಟೋ ಸಲ ನಡೆದಿದ್ದಳು. ಕಾಲು ತಾನಾಗಿ ಏಳಲು ನೋಡಿತು. ಅವಳು ಅದನ್ನು ಕೈಯಿಂದ ಒತ್ತಿ ಹಿಡಿದು ಕೂತಳು.

"ನೊರ್ಬೆರ್ತೊ," ಎಂದು ಕರೆದಳು. ಅವನು ನಿಂತ, ತಿರುಗಲಿಲ್ಲ. "ಮಾತು ಬಂದ ದಿನ ಬಾ. ಚಾಪೆ ಇಲ್ಲೇ ಇರುತ್ತೆ. ಆದ್ರೆ ನಾನು ಅಲ್ಲಿಗೆ ಬರಲ್ಲ."

ಅಷ್ಟು ದೂರಕ್ಕೆ ಅವಳ ದನಿ ಮುಟ್ಟಿತೋ ಇಲ್ಲವೋ. ಅವನು ನಡೆದುಬಿಟ್ಟ.

ಅಲ್ದಿನಾ ಕೊನೆಗೂ ಕುರ್ಚಿಯಿಂದ ಎದ್ದು, ಬೂಟು ಕಳಚಿ, ಚಾಪೆಯ ಅಂಚಿನಲ್ಲಿ ಬಂದು ಕೂತಳು. "ಮೊದಲೇ ಇಲ್ಲಿ ಕೂರಬೇಕಿತ್ತು ನಾನು," ಎಂದಳು ಮೆಲ್ಲಗೆ. "ಪೊಲೀಸರಿಗೆ ಹೇಳ್ಲಾ ಜುಲ್ಮಿರಾ?"

"ಹೇಳಿ ಅಕ್ಕ. ಅದು ಅದರ ಪಾಡಿಗೆ ಆಗ್ಲಿ. ಅದಕ್ಕೂ ಈ ಚಾಪೆಗೂ ಸಂಬಂಧ ಇಲ್ಲ."

"ಪೊಲೀಸ್ ಬೇಡ ಅಂತಾನೇ ಹಂದಿ ತಂದಿದ್ದು ನಾವು," ಎಂದ ಚಿಕ್ಕಪ್ಪ.

"ಅದು ನಂಗೊತ್ತು," ಎಂದಳು ಜುಲ್ಮಿರಾ.

ಮತೆವುಸ್ ಹತ್ತಿರ ಬಗ್ಗಿದ. "ಏಳು ತಂಗಿ. ಜನ ನೋಡ್ತಿದ್ದಾರೆ. ಮನೆಗೆ ಹೋಗೋಣ."

"ಯಾರ ಮನೆಗೆ?"

ಮತೆವುಸ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಇಷ್ಟು ಸಂಕಟ ಅವಳಿಗೂ ಆಗುತ್ತಿರಲಿಲ್ಲ.

"ಮಕ್ಕಳನ್ನ ಇಲ್ಲಿಗೆ ಕಳ್ಸು ಅಣ್ಣ," ಎಂದಳು. ಅಜ್ಜಿ ಕೊಟ್ಟ ಎಲೆಅಡಿಕೆಯನ್ನು ಉಟ್ಟ ಬಟ್ಟೆಯ ತುದಿಗೆ ಗಂಟು ಹಾಕಿದಳು. "ದವಡೆ ಕೂಡ್ಲಿ. ಅವನ ಬಾಯಿಂದ ಮಾತು ಬರ್ಲಿ. ಆಮೇಲೆ ಜಗೀಬೇಕೋ ಬೇಡ್ವೋ ನೋಡೋಣ."

ಹೀಗೆಂದು ಅವಳು ಅಲ್ಲೇ, ಚಾಪೆಯ ನಡುವೆ, ನೋವಿಲ್ಲದ ಕೆನ್ನೆ ಕೆಳಗೆ ಬರುವಂತೆ ಮಲಗಿಬಿಟ್ಟಳು. ಹಠಕ್ಕೆ ಮಲಗಿದ್ದಲ್ಲ. ಇನ್ನು ಕೂರಲು ಆಗುತ್ತಿರಲಿಲ್ಲ. ದವಡೆ ಮುರಿದಂದಿನಿಂದ ಸರಿಯಾಗಿ ನಿದ್ದೆ ಇರಲಿಲ್ಲ.

ಗಂಡಸರು ಸುತ್ತ ನಿಂತರು. ಹೀಗಾದರೆ ಏನು ಮಾಡಬೇಕೆಂದು ಯಾವ ಹಿರಿಯರೂ ಹೇಳಿರಲಿಲ್ಲ. ಚಿಕ್ಕಪ್ಪ ಚಾಪೆಯ ಒಂದು ಮೂಲೆ ಹಿಡಿದು ಎತ್ತಿದ. "ಎಬ್ಬಿಸಿ ಅವಳನ್ನ. ಸುತ್ತಿ ಅತ್ಲಾಗಿಡೋಣ. ಊಟ ಆರ್ತಾ ಇದೆ."

"ಕೈ ತೆಗಿ," ಎಂದ ಲೆಕಿಬೆರೆ ಅಜ್ಜ.

"ಅಜ್ಜ..."

"ಮಾತು ಮುಗಿದಿಲ್ಲ. ಸುತ್ತೋ ಹಾಗಿಲ್ಲ." ಅಜ್ಜ ಯಾರ ಮುಖವನ್ನೂ ನೋಡದೆ ಹೇಳಿದ. ಅಂಗೈಯಲ್ಲಿ ಇನ್ನೂ ಆ ಎಲೆಯ ಉಂಡೆ ಇತ್ತು. "ಕಂಬ ಮುಟ್ಟಿ ಹೇಳಿದ್ದು ನಾನು."

"ಮತ್ತೆ ಹಂದಿ?"

ಅಜ್ಜ ಹಿತ್ತಲಿನ ಕಡೆ ನೋಡಿದ. ಹಂಡೆಯಿಂದ ಹಬೆ ಏಳುತ್ತಿತ್ತು. ನಿಂತವರೆಲ್ಲ ಜೊಲ್ಲು ನುಂಗಿಕೊಂಡರು.

"ಹೂಳಿ," ಎಂದ. "ಆಳವಾಗಿ ತೋಡಿ. ನಾಯಿ ಕೆದಕಬಾರದು."

ಚಿಕ್ಕಪ್ಪ ಬೈಯುತ್ತ ಮೆಟ್ಟಿಲಿಳಿದ. ಮತೆವುಸ್ ಇಸ್ತ್ರಿ ಅಂಗಿ ಬಿಚ್ಚಿ ಕಂಬಕ್ಕೆ ನೇತುಹಾಕಿ ಹಾರೆ ಹುಡುಕಿದ. ಬೇಸಿಗೆಯ ಗಟ್ಟಿ ನೆಲ. ಇಬ್ಬರು ಹಂಡೆಗೆ ಕೋಲು ತೂರಿಸಿ ಹೊರಲು ಹೋಗಿ ಕೈ ಸುಟ್ಟುಕೊಂಡರು.

ಬುಯ್‌ಮಾಲಿ ಅಜ್ಜಿ ಒಂದು ಹಳೆಯ ತಾಯ್ಸ್ ತಂದು ಜುಲ್ಮಿರಾಳ ಮೇಲೆ ಹೊದಿಸಿ, ಕಾಲಿನ ಬಳಿ ಕೂತಳು. ಒದ್ದೆ ಬಟ್ಟೆಯಿಂದ ಆ ಕಾಲಿನ ನೆತ್ತರು ಒರೆಸಿದಳು. ಜುಲ್ಮಿರಾಳಿಗೆ ಅರೆನಿದ್ದೆಯಲ್ಲಿ ಹಿತ್ತಲಿನ ಸದ್ದು ಕೇಳುತ್ತಿತ್ತು. ಹಾರೆ ಕಲ್ಲಿಗೆ ತಾಗುವುದು, ಗಂಡಸರು ಏದುಸಿರು ಬಿಡುವುದು, ಇನ್ನೂ ಆಳ ಬೇಕು ಎಂದು ಯಾರೋ ಹೇಳುವುದು. ಎದ್ದು ನೀರು ಕೊಡಬೇಕಿತ್ತೇನೋ ಅನ್ನಿಸಿತು, ಅಭ್ಯಾಸಬಲ. ಏಳಲಿಲ್ಲ. ಅವರು ತೋಡುತ್ತಿದ್ದರು. ಅವಳು ನಿದ್ದೆ ಹೋದಳು.